ಕಲ್ಯಾಣದ ಬಯಲು, ಚೀನಾದ ತಾವೋ ಮತ್ತು ನಮ್ಮ ಆದಿಕಾಂಡ

ಪಾಸ್ಖ ಜಾಗರಣೆಯ ರಾತ್ರಿ ಹೊಸ ಬೆಂಕಿಯನ್ನು ಆಶೀರ್ವದಿಸಿ, ಪಾಸ್ಖ ದೀಪವನ್ನು ಹೊತ್ತು ಕತ್ತಲು ತುಂಬಿದ ದೇವಾಲಯವನ್ನು ಪ್ರವೇಶಿಸಿದ ಮೇಲೆ ನಾವು ಕೇಳುವ ಮೊಟ್ಟಮೊದಲ ವಾಚನ ಆದಿಕಾಂಡದ ಸೃಷ್ಟಿಯ ವೃತ್ತಾಂತ. ಪುನರುತ್ಥಾನದ ಶುಭಸಂದೇಶಕ್ಕೆ ಬರುವ ಮೊದಲು ಧರ್ಮಸಭೆ ನಮ್ಮನ್ನು ಎಲ್ಲಕ್ಕೂ ಮೊದಲಿನ ಆ ಬೆಳಗಿಗೆ ಕರೆದೊಯ್ಯುತ್ತದೆ. ಕ್ರಿಸ್ತರಲ್ಲಿ ನಡೆದ ಹೊಸ ಸೃಷ್ಟಿ ಏನೆಂದು ಅರಿಯಬೇಕಾದರೆ ಮೊದಲ ಸೃಷ್ಟಿ ಏನೆಂದು ತಿಳಿದಿರಬೇಕು ಎಂಬುದೇ ಇದರ ಉದ್ದೇಶ. ವಾಚನ ಉದ್ದವಾದದ್ದು. ಅದು ಮುಗಿಯುವಷ್ಟರಲ್ಲಿ ಮಕ್ಕಳು ತಾಯಂದಿರ ತೊಡೆಯ ಮೇಲೆ ನಿದ್ದೆ ಹೋಗಿರುತ್ತಾರೆ. ಆದರೆ ಮರುದಿನ ಅದೇ ಮಕ್ಕಳು ಕೇಳುವ ಪ್ರಶ್ನೆ ಮಾತ್ರ ದೊಡ್ಡವರ ನಿದ್ದೆ ಕೆಡಿಸುವಂತಹದು: "ಪಪ್ಪಾ, ನಮ್ಮ ದೇವರು ಆರು ದಿನದಾಗ ಎಲ್ಲಾ ಮಾಡಿದ್ರು ಅಂತೀರಿ. ಗೆಳೆಯನ ಮನ್ಯಾಗ ಎಲ್ಲಾ ಬಯಲಿನಿಂದ ಬಂತು ಅಂತಾರ. ವಿಜ್ಞಾನದ ಸರ್ ಮತ್ತೊಂದು ಹೇಳ್ತಾರ. ಯಾವುದು ಖರೇ?"

ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಬದುಕುವ ನಮ್ಮ ಕುಟುಂಬಗಳಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ನಮ್ಮ ನೆರೆಮನೆಯವರು ಶರಣರ ಪರಂಪರೆಯವರು, ದತ್ತಭಕ್ತರು, ಮುಸ್ಲಿಂ ಬಾಂಧವರು. ಅವರ ಮದುವೆಗೆ ಹೋಗುತ್ತೇವೆ, ಮಣ್ಣಿಗೆ ಹೋಗುತ್ತೇವೆ, ಹೊಲದ ಊಟಕ್ಕೆ ಹೋಗುತ್ತೇವೆ. ಅವರು ಲೋಕದ ಆದಿಯ ಬಗ್ಗೆ ಏನು ನಂಬುತ್ತಾರೆಂದು ತಿಳಿಯದೆ, ಅವರ ಆಚರಣೆಗಳ ಅರ್ಥ ನಮಗೆ ತಿಳಿಯದು. ಇನ್ನೂ ಒಂದು ಮಾತುಂಟು. ಒಂದು ಜನಾಂಗ ಲೋಕದ ಆರಂಭದ ಬಗ್ಗೆ ಹೇಳುವ ಕಥೆ ಕಥೆಯಾಗಿಯೇ ಉಳಿಯುವುದಿಲ್ಲ. ಅದು ಊಟದ ಪಂಕ್ತಿಗೆ ಬರುತ್ತದೆ, ಮದುವೆಯ ಚಪ್ಪರಕ್ಕೆ ಬರುತ್ತದೆ, ಕೊನೆಗೆ ಸಮಾಧಿಯ ಕುಣಿಗೂ ಇಳಿಯುತ್ತದೆ. ಯಾರು ಯಾರೊಡನೆ ಉಣ್ಣಬಹುದು, ಯಾರು ಯಾರನ್ನು ಮುಟ್ಟಬಹುದು ಎಂಬುದನ್ನು ಅನೇಕ ಸಲ ಆ ಕಥೆಯೇ ತೀರ್ಮಾನಿಸುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲು ನಮ್ಮ ನೆಲದ, ಅನಂತರ ದೂರದ ಚೀನಾದ, ಕೊನೆಯಲ್ಲಿ ನಮ್ಮ ಪವಿತ್ರ ಗ್ರಂಥದ ಸೃಷ್ಟಿಚಿಂತನೆಯನ್ನು ನೋಡೋಣ.

ಏನೂ ಇಲ್ಲದಂದು ಇದ್ದದ್ದು

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ರಾಜಧಾನಿಯನ್ನು ಕಲ್ಯಾಣಕ್ಕೆ ತಂದನು. ಮುಂದಿನ ಶತಮಾನದಲ್ಲಿ ಕಳಚುರಿ ಬಿಜ್ಜಳನು ಅಲ್ಲಿ ಆಳುತ್ತಿದ್ದಾಗ ಬಸವಣ್ಣನವರು ಅವನ ಭಂಡಾರಿಯಾಗಿದ್ದರು. ಅವರ ಸುತ್ತ ಸೇರಿದ ಶರಣರ ಗೋಷ್ಠಿಯೇ ಅನುಭವ ಮಂಟಪ. ಅದರ ಅಧ್ಯಕ್ಷಪೀಠದಲ್ಲಿ ಕುಳಿತವರು ಬಳ್ಳಿಗಾವೆಯಿಂದ ಬಂದ ಅಲ್ಲಮಪ್ರಭುಗಳು. ಆ ಪೀಠಕ್ಕೆ ಶೂನ್ಯ ಸಿಂಹಾಸನವೆಂದು ಹೆಸರು. ಈ ಸಂವಾದಗಳನ್ನು ಕಥನರೂಪದಲ್ಲಿ ಜೋಡಿಸಿದ 'ಶೂನ್ಯಸಂಪಾದನೆ'ಯನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದರು. ಅನಂತರ ಅದಕ್ಕೆ ಬೇರೆ ಬೇರೆ ಸಂಕಲನಕಾರರಿಂದ ಇನ್ನೂ ಮೂರು ರೂಪಗಳು ಬಂದವು. ಪೀಠದ ಹೆಸರಿನಲ್ಲೂ ಗ್ರಂಥದ ಹೆಸರಿನಲ್ಲೂ 'ಶೂನ್ಯ' ಎಂಬ ಒಂದೇ ಮಾತು ಇರುವುದನ್ನು ಗಮನಿಸಿ. ಕಲ್ಯಾಣದ ಸೃಷ್ಟಿಚಿಂತನೆಗೆ ಇದೇ ಬಾಗಿಲು.

ಲೋಕದ ಆರಂಭವನ್ನು ಹೇಳುವ ವಚನಗಳಲ್ಲಿ ಒಂದು ವಿಶಿಷ್ಟ ರೀತಿಯುಂಟು. ಅವು ಮೊದಲು 'ಇಲ್ಲ' ಎಂಬುದನ್ನೇ ಹೇಳುತ್ತಾ ಹೋಗುತ್ತವೆ. ಭೂಮಿ ಇರಲಿಲ್ಲ, ಆಕಾಶ ಇರಲಿಲ್ಲ, ಸೂರ್ಯಚಂದ್ರರಿರಲಿಲ್ಲ, ದೇವತೆಗಳೂ ಇರಲಿಲ್ಲ, ಹೆಸರಿಡಲು ಯಾರೂ ಇರಲಿಲ್ಲ. ಹೀಗೆ ಒಂದೊಂದನ್ನೇ ತೆಗೆದು ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಬಯಲು. ಋಗ್ವೇದದ ನಾಸದೀಯ ಸೂಕ್ತದಲ್ಲೂ ಇದೇ ಬಗೆಯ ದಾರಿಯಿದೆ. ಆದಿಕಾಂಡದ ಆರಂಭದಲ್ಲೂ ಭೂಮಿ ಇನ್ನೂ ಆಕಾರವಿಲ್ಲದೆ ಬರಿದಾಗಿತ್ತು, ಕತ್ತಲು ಕವಿದಿತ್ತು ಎಂದು ಓದುತ್ತೇವೆ.

ಆದರೆ ಶರಣರ ಬಯಲು ಬರಿದಲ್ಲ. ಊರ ಹೊರಗಿನ ಬಯಲಿಗೆ ಗೋಡೆಯಿಲ್ಲ, ಮಾಡಿಲ್ಲ. ಆದ್ದರಿಂದಲೇ ಅಲ್ಲಿ ಎಲ್ಲಕ್ಕೂ ಜಾಗವಿದೆ. ಹಾಗೆಯೇ ಎಲ್ಲ ಗಡಿಗಳನ್ನೂ ಮೀರಿದ, ಎಲ್ಲವನ್ನೂ ಒಳಗೊಂಡ ಪೂರ್ಣತೆಗೆ ಅವರು ಬಯಲು, ಶೂನ್ಯ, ನಿರಾಳ ಎಂಬ ಹೆಸರುಗಳನ್ನು ಕೊಟ್ಟರು. ಆ ಶೂನ್ಯಲಿಂಗವು ತನ್ನ ಶಕ್ತಿಯ ಲೀಲೆಯಿಂದ ತಾನೇ ಎರಡಾಯಿತು: ಆರಾಧನೆಗೊಳ್ಳುವ ಲಿಂಗ, ಆರಾಧಿಸುವ ಅಂಗ. ಮುಂದೆ ಆಕಾಶ, ಆಕಾಶದಿಂದ ಗಾಳಿ, ಗಾಳಿಯಿಂದ ಬೆಂಕಿ, ಬೆಂಕಿಯಿಂದ ನೀರು, ನೀರಿನಿಂದ ಮಣ್ಣು. ಪಂಚಭೂತಗಳ ಈ ಕ್ರಮ ಉಪನಿಷತ್ತಿನ ಕಾಲದಿಂದಲೂ ಬಂದದ್ದು. ಈ ಐದರಿಂದಲೇ ಲೋಕ, ಈ ಐದರಿಂದಲೇ ನಮ್ಮ ದೇಹ. ಲೋಕದಲ್ಲಿರುವುದೆಲ್ಲ ಚಿಕ್ಕದಾಗಿ ದೇಹದಲ್ಲಿದೆ. ಬಂದವನು ಹಿಂದಿರುಗಬೇಕು. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಆ ಹಿಂದಿರುಗುವ ದಾರಿಯ ಮೆಟ್ಟಿಲುಗಳು.

ನಂಬಿಕೆ ಬದುಕಾದ ಬಗೆ

ಇಷ್ಟೇ ಆಗಿದ್ದರೆ ಇದು ಪಂಡಿತರ ಮಾತಾಗಿ ಉಳಿಯುತ್ತಿತ್ತು. ಕಲ್ಯಾಣದ ಹಿರಿಮೆ ಇರುವುದು ಈ ಮಾತು ಬದುಕಿಗೆ ಇಳಿದ ರೀತಿಯಲ್ಲಿ.

ದೇಹವೇ ಲೋಕದ ಚಿಕ್ಕ ರೂಪವಾದ ಮೇಲೆ ಅದೇ ದೇವಾಲಯವೂ ಆಯಿತು. ಆದ್ದರಿಂದ ಇಷ್ಟಲಿಂಗವನ್ನು ಗುಡಿಯಲ್ಲಿಡದೆ ಎದೆಯ ಮೇಲೆ ಧರಿಸಿದರು. ಗಂಡು ಹೆಣ್ಣೆಂಬ ಭೇದವಿಲ್ಲದೆ ಎಳೆಗೂಸಿಗೂ ಲಿಂಗಧಾರಣೆ ಮಾಡುವ ಪದ್ಧತಿ ಇಂದಿಗೂ ಇದೆ.

ದೇಹ ದೇವಾಲಯವಾದರೆ ಅದರ ದುಡಿಮೆ ಪೂಜೆಯೇ ಆಗುತ್ತದೆ. ಕಾಯದಿಂದ ಮಾಡುವುದು ಕಾಯಕ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ, ಇವರೆಲ್ಲ ತಮ್ಮ ಕಸುಬಿನ ಹೆಸರಿನಿಂದಲೇ ಗೌರವ ಪಡೆದರು. ಬಸವಕಲ್ಯಾಣದ ತ್ರಿಪುರಾಂತಕ ಕೆರೆಯ ಕಡೆಗೆ ಹೋದರೆ ನುಲಿಯ ಚಂದಯ್ಯ, ಅಕ್ಕ ನಾಗಮ್ಮ ಇವರ ಹೆಸರಿನ ಗವಿಗಳನ್ನು ತೋರಿಸುತ್ತಾರೆ. ಅರಸನ ಕೋಟೆಯಿರುವ ಊರಿನಲ್ಲೇ ಹಗ್ಗ ಹೊಸೆದವನ ಹೆಸರೂ ಉಳಿದಿದೆ ಎಂಬುದನ್ನು ಮರೆಯಬಾರದು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನಮ್ಮ ಕುಟುಂಬಗಳು ಕೇಳಲೇಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ, ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಇದನ್ನು ಕೇಳಿದಾಗ ಮರುಭೂಮಿಯಲ್ಲಿ ಇಸ್ರಯೇಲರು ಆಯ್ದುಕೊಂಡ ಮನ್ನ ನಮಗೆ ನೆನಪಾಗಬೇಕು. ಆ ದಿನಕ್ಕೆ ಬೇಕಾದಷ್ಟನ್ನೇ ಆಯಬೇಕಿತ್ತು, ಕೂಡಿಟ್ಟದ್ದರಲ್ಲಿ ಹುಳು ಬಿದ್ದಿತು. ಲೋಕ ನಾವು ಮಾಡಿದ್ದಲ್ಲ, ನಮಗೆ ಕೊಡಲ್ಪಟ್ಟದ್ದು ಎಂದು ನಂಬಿದವರು ಮಾತ್ರ ಹೀಗೆ ಬದುಕಬಲ್ಲರು.

ಎಲ್ಲವೂ ಒಂದೇ ಬಯಲಿನಿಂದ ಬಂದಿದ್ದರೆ ಮೈಲಿಗೆ ಎಲ್ಲಿಂದ ಬಂತು? ಶರಣರು ಈ ಪ್ರಶ್ನೆಯನ್ನು ಕೇಳಿ ಜಾತಿ, ಜನನ, ಮರಣ, ಮುಟ್ಟು, ಎಂಜಲು ಎಂಬ ಐದು ಸೂತಕಗಳನ್ನು ನಿರಾಕರಿಸಿದರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮುಟ್ಟಾದ ಹೆಣ್ಣುಮಗಳು ಮೈಲಿಗೆಯಲ್ಲ ಎಂದು ಹೇಳುವುದು ಸಣ್ಣ ಮಾತಲ್ಲ.

ಕೊನೆಯದಾಗಿ ಮರಣ. ನಮ್ಮ ಊರುಗಳಲ್ಲಿ ಲಿಂಗಾಯತ ಬಂಧುಗಳು ತಮ್ಮವರನ್ನು ಸುಡುವುದಿಲ್ಲ. ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿಯೊಡನೆ ಸಮಾಧಿ ಮಾಡುತ್ತಾರೆ. ಸತ್ತರು ಎನ್ನದೆ ಲಿಂಗೈಕ್ಯರಾದರು, ಬಯಲಾದರು ಎನ್ನುತ್ತಾರೆ. ಆದಿಯ ಮಾತೇ ಅಂತ್ಯದ ಮಾತೂ ಆಗಿರುವುದನ್ನು ನೋಡಿ. ಮುಂದಿನ ಸಲ ನೆರೆಮನೆಯವರ ಮಣ್ಣಿಗೆ ಹೋದಾಗ ಈ ಅರ್ಥ ತಿಳಿದು ನಿಂತರೆ ನಮ್ಮ ಸಂತಾಪಕ್ಕೂ ತೂಕ ಬರುತ್ತದೆ.

ಚೀನಾದಲ್ಲಿ ಇಂತಹದೇ ಮಾತು

ಹೆಸರಿಗೆ ಸಿಕ್ಕದ ಮೂಲದಿಂದ ಲೋಕ ಬಂದಿತೆಂಬ ಈ ಚಿಂತನೆ ನಮ್ಮ ನೆಲದ್ದು ಮಾತ್ರವಲ್ಲ. ಚೀನಾದಲ್ಲಿ ಲಾವೋತ್ಸೆ ಎಂಬ ಜ್ಞಾನಿಯ ಹೆಸರಿನಲ್ಲಿರುವ ಪ್ರಾಚೀನ ಗ್ರಂಥ ಆ ಮೂಲವನ್ನು ತಾವೋ ಎನ್ನುತ್ತದೆ. ತಾವೋ ಎಂದರೆ ದಾರಿ. ಹೆಸರಿಸಿದೊಡನೆ ಅದು ತಪ್ಪಿಹೋಗುತ್ತದೆ. ಅದರಿಂದ ಒಂದು, ಒಂದರಿಂದ ಎರಡು, ಎರಡರಿಂದ ಮೂರು, ಮೂರರಿಂದ ಸಕಲ ವಸ್ತುಗಳು ಬಂದವೆಂದು ಆ ಪರಂಪರೆಯ ಬೋಧನೆ. ಇಲ್ಲಿ ಎರಡು ಎಂದರೆ ಯಿನ್ ಮತ್ತು ಯಾಂಗ್ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ನೆರಳು ಮತ್ತು ಬಿಸಿಲು, ತಂಪು ಮತ್ತು ಬಿಸಿ, ಹೆಣ್ಣು ಮತ್ತು ಗಂಡು. ಇವು ಶತ್ರುಗಳಲ್ಲ. ಒಂದು ಇನ್ನೊಂದನ್ನು ತುಂಬುತ್ತದೆ.

ಈ ನಂಬಿಕೆಯೂ ಅಡುಗೆಮನೆಯವರೆಗೆ ಬಂದಿದೆ. ನಮ್ಮ ತಾಯಂದಿರು ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಎನ್ನುವಂತೆ ಚೀನೀ ತಾಯಂದಿರೂ ಆಹಾರವನ್ನು ತಂಪು ಬಿಸಿಗಳಾಗಿ ವಿಂಗಡಿಸುತ್ತಾರೆ. ಅವರ ವೈದ್ಯ ಪದ್ಧತಿ ರೋಗವನ್ನು ಈ ಎರಡರ ಸಮತೋಲ ತಪ್ಪಿದ್ದೆಂದು ನೋಡುತ್ತದೆ. ಮನೆ ಕಟ್ಟುವ ದಿಕ್ಕು, ಚಿತ್ರ ಬರೆಯುವಾಗ ಬಿಡುವ ಖಾಲಿ ಜಾಗ, ಎಲ್ಲದರಲ್ಲೂ ಇದೇ ದೃಷ್ಟಿ. ಬೀಜಿಂಗಿನಲ್ಲಿ 1420ರಲ್ಲಿ ಕಟ್ಟಿದ ಸ್ವರ್ಗ ದೇವಾಲಯದಲ್ಲಿ ಚಕ್ರವರ್ತಿಯೇ ಸ್ವರ್ಗಕ್ಕೆ ಬಲಿ ಅರ್ಪಿಸಿ ಒಳ್ಳೆಯ ಬೆಳೆಗಾಗಿ ಪ್ರಾರ್ಥಿಸುತ್ತಿದ್ದನು. ಅರಸನ ನಡತೆ ಕೆಟ್ಟರೆ ಮಳೆ ಬೆಳೆ ಕೆಡುತ್ತದೆ ಎಂಬ ಭಯ ಅರಸರಿಗೂ ಇತ್ತು.

ತಾವೋ ಪಂಡಿತರ ಮಾತಾದರೆ ಜನಸಾಮಾನ್ಯರ ಬಾಯಲ್ಲಿ ಬೇರೆ ಕಥೆಗಳಿದ್ದವು. ಒಂದು ಪಾಂಗು ಎಂಬ ಮಹಾಪುರುಷನದು. ಮೊಟ್ಟೆಯಂತಿದ್ದ ಗೊಂದಲದೊಳಗೆ ಅವನು ಬೆಳೆದು, 18,000 ವರ್ಷ ಆಕಾಶ ಭೂಮಿಗಳ ನಡುವೆ ನಿಂತನು. ಅವನು ಸತ್ತಾಗ ಉಸಿರು ಗಾಳಿಯಾಯಿತು, ಕಣ್ಣುಗಳು ಸೂರ್ಯಚಂದ್ರರಾದವು, ರಕ್ತ ನದಿಯಾಯಿತು. ಇನ್ನೊಂದು ನ್ಯೂವಾ ಎಂಬ ದೇವಿಯ ಕಥೆ. ಆಕೆ ಹಳದಿ ಮಣ್ಣನ್ನು ನಾದಿ ಮನುಷ್ಯರನ್ನು ಮಾಡಿದಳು. ಇಲ್ಲಿಯವರೆಗೆ ನಮ್ಮ ಆದಿಕಾಂಡದ ಎರಡನೆಯ ಅಧ್ಯಾಯವನ್ನೇ ಓದಿದಂತಿದೆ. ಆದರೆ ಕಥೆ ಮುಂದುವರಿಯುತ್ತದೆ. ಒಬ್ಬೊಬ್ಬರನ್ನೇ ಮಾಡಿ ದೇವಿಗೆ ದಣಿವಾಯಿತು. ಆಗ ಆಕೆ ಹಗ್ಗವೊಂದನ್ನು ಕೆಸರಿನಲ್ಲಿ ಎಳೆದು ಬೀಸಿದಳು, ಹಾರಿದ ಹನಿಗಳೆಲ್ಲ ಮನುಷ್ಯರಾದವು. ಕೈಯಿಂದ ಮಾಡಿದವರು ಸಿರಿವಂತರು, ಕುಲೀನರು. ಹಗ್ಗದಿಂದ ಸಿಡಿದವರು ಬಡವರು, ಕೀಳಾದವರು.

ಕಥೆಯೊಳಗಿನ ಮೇಲು ಕೀಳು

ಆ ಹಗ್ಗ ನಮ್ಮ ಕಣ್ಣಿಗೆ ಕಾಣಬೇಕು. ಬಡವ ಏಕೆ ಬಡವ ಎಂದರೆ ಅವನನ್ನು ಹಾಗೆಯೇ ಮಾಡಲಾಗಿದೆ ಎಂಬ ಉತ್ತರ ಆ ಹಗ್ಗದಲ್ಲಿದೆ. ಪ್ರಾಚೀನ ಬಾಬಿಲೋನಿನ ಕಥೆಯಲ್ಲಿ ಸೋತ ದೇವನೊಬ್ಬನ ರಕ್ತದಿಂದ ಮನುಷ್ಯರನ್ನು ಮಾಡಿದ್ದು ದೇವತೆಗಳ ಚಾಕರಿಗಾಗಿ. ನಮ್ಮ ದೇಶದ ಪುರುಷಸೂಕ್ತದಲ್ಲಿ ಆದಿಪುರುಷನ ಬಾಯಿ, ತೋಳು, ತೊಡೆ, ಪಾದಗಳಿಂದ ನಾಲ್ಕು ವರ್ಣಗಳು ಬಂದವು. ಅದಕ್ಕೆ ಬೇರೆ ಅರ್ಥ ಹೇಳುವವರಿದ್ದಾರೆ. ಆದರೂ ಶತಮಾನಗಳ ಕಾಲ ಹುಟ್ಟಿನಿಂದಲೇ ಒಬ್ಬ ಮೇಲು, ಒಬ್ಬ ಕೀಳು ಎನ್ನಲು ಅದನ್ನೇ ಮುಂದಿಟ್ಟದ್ದನ್ನು ಅಲ್ಲಗಳೆಯಲಾಗದು.

ಕಲ್ಯಾಣದ ಶರಣರು ಇದಕ್ಕೆ ಮಾತಿನಿಂದ ಮಾತ್ರ ಉತ್ತರ ಕೊಡಲಿಲ್ಲ. ಚರ್ಮದ ಕಾಯಕದ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣರಾದ ಮಧುವರಸರ ಮಗಳಿಗೂ ಮದುವೆಯಾಯಿತು. ಒಂದೇ ಬಯಲಿನಿಂದ ಬಂದವರು ಒಂದೇ ಚಪ್ಪರದಡಿ ಕುಳಿತರು. ಊರಿನ ಬಲಿಷ್ಠರು ಇದನ್ನು ಸಹಿಸಲಿಲ್ಲ. ಹರಳಯ್ಯ, ಮಧುವರಸ ಇಬ್ಬರನ್ನೂ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿ ಕೊಂದರೆಂದು ಪರಂಪರೆ ಹೇಳುತ್ತದೆ. 1167-68ರ ಸುಮಾರಿಗೆ ಕಲ್ಯಾಣದಲ್ಲಿ ರಕ್ತ ಹರಿಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿಹೋದರು. ಚೆನ್ನಬಸವಣ್ಣನವರ ತಂಡ ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ನಡೆಯಿತು. ಸೃಷ್ಟಿಯ ಬಗ್ಗೆ ಒಂದು ನಂಬಿಕೆಯನ್ನು ಮದುವೆಯ ಮನೆಯವರೆಗೆ ತಂದದ್ದಕ್ಕೆ ಅವರು ತೆತ್ತ ಬೆಲೆ ಇದು.

ಇಂದು ಬಸವಕಲ್ಯಾಣದಲ್ಲಿ ಬಸವಣ್ಣನವರ 108 ಅಡಿಯ ಪ್ರತಿಮೆ ನಿಂತಿದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವು ಸಂತೋಷದ ಸಂಗತಿಗಳೇ. ಆದರೆ ಆ ಮದುವೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಜಾತಿ ಮೀರಿ ಮದುವೆಯಾದ ಮಕ್ಕಳ ಗತಿಯನ್ನು ಇಂದಿಗೂ ಪತ್ರಿಕೆಗಳಲ್ಲಿ ಓದುತ್ತಿದ್ದೇವೆ.

ಹುಮನಾಬಾದಿನ ಜಾತ್ರೆ, ಹೊಲದ ಚರಗ

ಕಲ್ಯಾಣದಿಂದ ಹುಮನಾಬಾದಿಗೆ ಬಂದರೆ ಇದೇ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದುರಾಗುತ್ತದೆ. ಅಲ್ಲಿನ ವೀರಭದ್ರೇಶ್ವರ ಜಾತ್ರೆ ಸುತ್ತಣ ಸೀಮೆಗೆಲ್ಲ ದೊಡ್ಡದು. ವೀರಭದ್ರನ ಪರಂಪರೆಯಲ್ಲಿ ಪುರವಂತರು ಒಡಪು ಹೇಳುತ್ತಾ ಕುಣಿಯುವಾಗ ಕೇಳಿಬರುವುದು ದಕ್ಷಬ್ರಹ್ಮನ ಕಥೆ. ದಕ್ಷನು ಪ್ರಜಾಪತಿ, ಅಂದರೆ ಸೃಷ್ಟಿಯನ್ನು ಬೆಳೆಸುವ ಹೊಣೆ ಹೊತ್ತವನು. ಅವನು ಮಹಾಯಜ್ಞ ಮಾಡಿ ಎಲ್ಲರನ್ನೂ ಕರೆದನು, ಮಸಣವಾಸಿಯಾದ ಶಿವನನ್ನು ಮಾತ್ರ ಕರೆಯಲಿಲ್ಲ. ಮಗಳು ಸತಿ ಅವಮಾನ ತಾಳದೆ ಪ್ರಾಣ ಬಿಟ್ಟಳು. ಶಿವನ ಜಟೆಯಿಂದ ಹುಟ್ಟಿದ ವೀರಭದ್ರನು ಆ ಯಜ್ಞವನ್ನು ಕೆಡಿಸಿ ದಕ್ಷನ ತಲೆ ತೆಗೆದನು. ಕಡೆಗೆ ದಕ್ಷನಿಗೆ ಟಗರಿನ ತಲೆ ಬಂತು. ಒಬ್ಬನನ್ನು ಪಂಕ್ತಿಯಿಂದ ಹೊರಗಿಟ್ಟರೆ ಸೃಷ್ಟಿಯ ಯಜ್ಞವೇ ಕೆಡುತ್ತದೆ ಎಂದು ಈ ಕಥೆಯನ್ನು ಓದಿಕೊಳ್ಳಬಹುದು.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಇನ್ನೊಂದು ಪರಂಪರೆಯಿದೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ದತ್ತ ಸಂಪ್ರದಾಯದವರು. ಸೃಷ್ಟಿ, ಸ್ಥಿತಿ, ಲಯ ಮೂರನ್ನೂ ದತ್ತನ ಒಂದೇ ರೂಪದಲ್ಲಿ ಕಾಣುವ ಪರಂಪರೆ ಅದು. ಸಕಲ ಮತಗಳನ್ನೂ ಗೌರವಿಸಬೇಕೆಂಬ ಅವರ ಬೋಧೆ ಸಕಲಮತ ಎಂದೇ ಹೆಸರಾಗಿದೆ. ಅವರ ಬಳಿ ಹಿಂದೂಗಳೂ ಮುಸ್ಲಿಮರೂ ಬರುತ್ತಿದ್ದರು.

ಇವೆಲ್ಲಕ್ಕಿಂತ ಹಳೆಯದೆನಿಸುವ ನಂಬಿಕೆಯನ್ನು ಕಾಣಬೇಕಾದರೆ ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಬೇಕು. ಬೆಳೆ ಹೊತ್ತ ಭೂಮಿಯನ್ನು ನಮ್ಮ ರೈತರು ಬಸುರಿ ಹೆಂಗಸೆಂದು ಕಾಣುತ್ತಾರೆ. ಬಸುರಿಗೆ ಬಯಕೆ ತೀರಿಸಬೇಕಲ್ಲವೇ? ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಹೋಳಿಗೆ ಹೊತ್ತು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನಿಟ್ಟು ಪೂಜಿಸಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂತಾಯಿಗೆ. ಅನಂತರ ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಇಲ್ಲಿ ತತ್ತ್ವವಿಲ್ಲ, ಗ್ರಂಥವಿಲ್ಲ. ಮಣ್ಣು ಬದುಕಿದೆ, ಅದಕ್ಕೆ ನಾವು ಋಣಿಗಳು ಎಂಬ ಅರಿವು ಮಾತ್ರ ಇದೆ.

ನಮ್ಮ ವಿಶ್ವಾಸ ಹೇಳುವುದೇನು?

ಹಾಗಾದರೆ ಎಲ್ಲವೂ ಒಂದೇ ಎಂದು ಬಿಟ್ಟುಬಿಡಬಹುದೇ? ಹಾಗಲ್ಲ. ಪ್ರಾಮಾಣಿಕ ಸ್ನೇಹದಲ್ಲಿ ವ್ಯತ್ಯಾಸವನ್ನೂ ನೇರವಾಗಿ ಹೇಳಬೇಕಾಗುತ್ತದೆ.

ಒಂದೇ ಮಾತು ಎರಡು ಅರ್ಥ ಕೊಡುವುದನ್ನು ಮೊದಲು ಗಮನಿಸೋಣ. ದೇವರು ಶೂನ್ಯದಿಂದ ಎಲ್ಲವನ್ನೂ ಸೃಷ್ಟಿಸಿದರೆಂದು ನಾವು ಧರ್ಮೋಪದೇಶದಲ್ಲಿ ಕಲಿಸುತ್ತೇವೆ. ಇಲ್ಲಿ ಶೂನ್ಯವೆಂದರೆ ಏನೂ ಇಲ್ಲದಿರುವುದು. ಶರಣರ ಶೂನ್ಯವಾದರೋ ಎಲ್ಲವೂ ಆಗಿರುವ ಪೂರ್ಣತೆ. ಶರಣರ ದೃಷ್ಟಿಯಲ್ಲಿ ಲೋಕ ದೇವರೊಳಗಿನಿಂದಲೇ ಹರಿದು ಬಂದದ್ದು, ಅದರಲ್ಲೇ ಕರಗುವಂತಹದು. ತಾವೋ ಮಾರ್ಗದಲ್ಲಿ ಲೋಕವನ್ನು ಬಯಸಿ ಮಾಡಿದ ವ್ಯಕ್ತಿಸ್ವರೂಪಿ ದೇವರ ಮಾತಿಲ್ಲ. ನಮ್ಮ ವಿಶ್ವಾಸದಲ್ಲಿ ಸೃಷ್ಟಿಕರ್ತ ಬೇರೆ, ಸೃಷ್ಟಿ ಬೇರೆ. ದೇವರು ಅಗತ್ಯದಿಂದಲ್ಲ, ಪ್ರೀತಿಯಿಂದ, ಸ್ವತಂತ್ರವಾಗಿ, ತಮ್ಮ ವಾಕ್ಯದಿಂದ ಲೋಕವನ್ನು ಉಂಟುಮಾಡಿದರು. ಮಾಡಿದ್ದನ್ನು ನೋಡಿ ಒಳ್ಳೆಯದೆಂದು ಮೆಚ್ಚಿದರು. ಅವರ ಸನ್ನಿಧಿಯಲ್ಲಿ ನಾವು ಕರಗಿ ಇಲ್ಲವಾಗುವುದಿಲ್ಲ, ಹೆಸರು ಹಿಡಿದು ಕರೆಯಲ್ಪಡುತ್ತೇವೆ. ದೇಹದ ಪುನರುತ್ಥಾನವನ್ನು ನಾವು ನಂಬುವುದೂ ಇದೇ ಕಾರಣದಿಂದ.

ಈ ವಿಶ್ವಾಸವನ್ನು ನಮ್ಮ ಪವಿತ್ರ ಗ್ರಂಥದಲ್ಲಿ ಸ್ಪಷ್ಟವಾಗಿ ಆಡಿದವಳು ಒಬ್ಬ ತಾಯಿ. ಮಕ್ಕಬಿಯರ ಎರಡನೆಯ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಕಣ್ಣೆದುರೇ ಆರು ಮಕ್ಕಳನ್ನು ಕಳೆದುಕೊಂಡ ತಾಯಿ, ಏಳನೆಯ ಮಗನಿಗೆ ಆಕಾಶ ಭೂಮಿಗಳನ್ನು ತೋರಿಸಿ, ಇವನ್ನು ದೇವರು ಮೊದಲೇ ಇದ್ದ ವಸ್ತುಗಳಿಂದ ಮಾಡಲಿಲ್ಲವೆಂದು ನೆನಪಿಸುತ್ತಾಳೆ. ಏನೂ ಇಲ್ಲದಲ್ಲಿಂದ ಜೀವ ಕೊಟ್ಟವರು ಸತ್ತ ಮಗನಿಗೂ ಜೀವ ಕೊಡಬಲ್ಲರು ಎಂಬುದು ಅವಳ ಧೈರ್ಯ. ಸೃಷ್ಟಿಯ ಪಾಠವನ್ನು ಮನೆಯಲ್ಲಿ ತಾಯಿಯೇ ಕಲಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೇಲು ಕೀಳಿನ ಪ್ರಶ್ನೆಗೆ ಆದಿಕಾಂಡದ ಉತ್ತರವೇನು? ಅದರ ಮೊದಲ ಅಧ್ಯಾಯ ಇಸ್ರಯೇಲರು ಬಾಬಿಲೋನಿನಲ್ಲಿ ಸೆರೆಯಾಳುಗಳಾಗಿದ್ದ ಅನುಭವದ ಹಿನ್ನೆಲೆಯಲ್ಲಿ ಈಗಿನ ರೂಪ ಪಡೆಯಿತೆಂದು ಅನೇಕ ಪಂಡಿತರ ಅಭಿಪ್ರಾಯ. ಸುತ್ತಲಿನ ರಾಜ್ಯಗಳಲ್ಲಿ ದೇವರ ಪ್ರತಿರೂಪವೆಂಬ ಬಿರುದು ಅರಸನಿಗೆ ಸಲ್ಲುತ್ತಿತ್ತು. ಸೆರೆಯಲ್ಲಿದ್ದ ಜನರ ಗ್ರಂಥ ಆ ಬಿರುದನ್ನು ಪ್ರತಿ ಗಂಡಿಗೂ ಪ್ರತಿ ಹೆಣ್ಣಿಗೂ ಕೊಟ್ಟಿತು. ನ್ಯೂವಾಳ ಹಗ್ಗ ಇಲ್ಲಿಲ್ಲ. ಕೈಯಿಂದ ಮಾಡಿದವರು, ಸಿಡಿದು ಬಿದ್ದವರು ಎಂಬ ಭೇದವಿಲ್ಲ. ಏಳನೆಯ ದಿನದ ವಿಶ್ರಾಂತಿ ಕೂಡ ಒಡೆಯನಿಗಷ್ಟೇ ಅಲ್ಲ, ಆಳಿಗೂ ಪರದೇಶಿಗೂ ದನಕರುಗಳಿಗೂ ಸೇರಿದ್ದು.

ಇನ್ನು ವಿಜ್ಞಾನದ ಸರ್ ಹೇಳುವ ಮಾತು. ವಿಶ್ವ ಒಂದು ಆದಿಬಿಂದುವಿನಿಂದ ವಿಸ್ತರಿಸುತ್ತಾ ಬಂದಿದೆ ಎಂಬ ಚಿಂತನೆಯನ್ನು 1927ರಿಂದ 1931ರ ನಡುವೆ ಮುಂದಿಟ್ಟವರಲ್ಲಿ ಪ್ರಮುಖರು ಬೆಲ್ಜಿಯಂನ ಕಥೋಲಿಕ ಗುರು ಜಾರ್ಜ್ ಲೆಮೇತ್ರ್. ವಿಜ್ಞಾನ ಹೇಗೆ ಎಂದು ಕೇಳುತ್ತದೆ, ವಿಶ್ವಾಸ ಯಾರು, ಏಕೆ ಎಂದು ಕೇಳುತ್ತದೆ. ಎರಡೂ ಪ್ರಶ್ನೆಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಬಹುದು.

ಮಾತುಗಳ ಋಣ

ಚೀನಾದಲ್ಲಿ ಸೃಷ್ಟಿಕರ್ತ ದೇವರನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದೇ ದೊಡ್ಡ ಪ್ರಶ್ನೆಯಾಗಿತ್ತು. 1610ರಲ್ಲಿ ಬೀಜಿಂಗಿನಲ್ಲಿ ನಿಧನರಾದ ಯೇಸುಸಭೆಯ ಗುರು ಮತ್ತೇಯೊ ರಿಚ್ಚಿಯವರು ಚೀನೀ ಗ್ರಂಥಗಳನ್ನು ಓದಿ, ಸ್ವರ್ಗದೊಡೆಯ ಎಂಬರ್ಥದ ಪದವನ್ನು ಬಳಕೆಗೆ ತಂದರು. ಇಂದಿಗೂ ಚೀನೀ ಕಥೋಲಿಕರಿಗೆ ದೇವರ ಹೆಸರು ಅದೇ. ಪೂರ್ವಜರ ಗೌರವಾಚರಣೆಯ ವಿಷಯದಲ್ಲಿ ಎದ್ದ ವಿವಾದ 1742ರಲ್ಲಿ ನಿಷೇಧದಲ್ಲಿ ಮುಗಿಯಿತು. 1939ರಲ್ಲಿ ಧರ್ಮಸಭೆ ಆ ನಿಷೇಧವನ್ನು ಸಡಿಲಿಸಿತು. 1919ರ ಪ್ರಸಿದ್ಧ ಪ್ರೊಟೆಸ್ಟೆಂಟ್ ಅನುವಾದದಲ್ಲಿ ಯೊವಾನ್ನರ ಶುಭಸಂದೇಶದ ದೈವವಾಕ್ಯಕ್ಕೆ ತಾವೋ ಎಂಬ ಪದವನ್ನೇ ಬಳಸಿದ್ದಾರೆ. 1968ರ ಕಥೋಲಿಕ ಅನುವಾದ ಪವಿತ್ರ ವಾಕ್ಯ ಎಂಬರ್ಥದ ಪದವನ್ನು ಆರಿಸ��ತು.

ನಾವೂ ಇದೇ ರೀತಿಯ ಋಣದಲ್ಲಿದ್ದೇವೆ. ಸರ್ವೇಶ್ವರ ಎನ್ನುತ್ತೇವೆ, ಪರಮಪ್ರಸಾದ ಎನ್ನುತ್ತೇವೆ, ದೀಕ್ಷಾಸ್ನಾನ ಎನ್ನುತ್ತೇವೆ, ವಿಭೂತಿ ಬುಧವಾರದಂದು ಹಣೆಗೆ ಬೂದಿ ಪಡೆಯುತ್ತೇವೆ. ಗುರು, ಪ್ರಸಾದ, ದೀಕ್ಷೆ, ವಿಭೂತಿ ಎಂಬ ಮಾತುಗಳನ್ನು ನಮಗಿಂತ ಮೊದಲು ಈ ನೆಲದ ಭಕ್ತರು ಆಡಿದ್ದರು. ನಾವು ಅವಕ್ಕೆ ಕ್ರಿಸ್ತರ ಅರ್ಥವನ್ನು ತುಂಬಿಕೊಂಡಿದ್ದೇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿ, ಅನ್ಯಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಬೋಧಿಸಿತು. ನಮ್ಮ ಭಾಗದಲ್ಲಿ ಇದು ನೆರೆಮನೆಯ ಬಾಗಿಲಿನಿಂದಲೇ ಆರಂಭವಾಗಬೇಕಾದ ಪಾಠ.

ನಮ್ಮ ಮನೆಗಳಲ್ಲಿ

ಪ್ರಿಯರೇ, ಈಗ ನಮ್ಮನ್ನೇ ಕೇಳಿಕೊಳ್ಳೋಣ. ಪ್ರತಿ ಭಾನುವಾರ ಆಕಾಶ ಭೂಮಿಗಳ ಸೃಷ್ಟಿಕರ್ತರಲ್ಲಿ ವಿಶ್ವಾಸವಿಡುತ್ತೇನೆಂದು ಎದ್ದು ನಿಂತು ಸಾರುವ ನಾವು, ಮಗನಿಗೆ ಹೆಣ್ಣು ನೋಡುವಾಗ ಏನು ಕೇಳುತ್ತೇವೆ? ಹುಡುಗಿ ಕಥೋಲಿಕಳೇ ಎಂದು ಕೇಳಿ ಸುಮ್ಮನಾಗುತ್ತೇವೆಯೇ, ಅಥವಾ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇವೆಯೇ? ಒಂದೇ ಪರಮಪ್ರಸಾದದ ಮೇಜಿನಿಂದ ಎದ್ದು ಬಂದ ಮೇಲೆ ಕೆಲವರ ಮನೆಯ ಊಟಕ್ಕೆ ಮಾತ್ರ ನಮಗೆ ಬಿಡುವಿರುವುದಿಲ್ಲವೇಕೆ? ಭಾರತದ ಕಥೋಲಿಕ ಬಿಷಪರ ಮಂಡಳಿ 2016ರಲ್ಲಿ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಬೇಕಾಗಿ ಬಂದದ್ದೇ ಈ ರೋಗ ನಮ್ಮೊಳಗೂ ಇದೆ ಎಂಬುದಕ್ಕೆ ಸಾಕ್ಷಿ. ಹರಳಯ್ಯ, ಮಧುವರಸರ ಊರಿನ ಗಾಳಿ ಕುಡಿಯುವ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ತಟ್ಟಬೇಕು.

ಮನೆಗಳಲ್ಲಿ ಮಾಡಬಹುದಾದದ್ದು ಕಷ್ಟವೇನಲ್ಲ. ಒಂದು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಮಕ್ಕಳಿಂದ ಓದಿಸಿ, ಅವರ ಪ್ರಶ್ನೆಗಳನ್ನು ಗದರಿಸದೆ ಕೇಳಿ. ನೆರೆಯವರ ಸೃಷ್ಟಿಕಥೆಯನ್ನು ಮಕ್ಕಳು ಹೇಳಿದರೆ ನಗಬೇಡಿ. ಅದರಲ್ಲಿರುವ ಒಳ್ಳೆಯದನ್ನು ಒಪ್ಪಿ, ನಮ್ಮ ವಿಶ್ವಾಸ ಎಲ್ಲಿ ಬೇರೆಯಾಗುತ್ತದೆಂದು ತಿಳಿಸಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಕರೆದರೆ ಪೂಜೆಯಲ್ಲಿ ಪಾಲ್ಗೊಳ್ಳದಿದ್ದರೂ ಪ್ರೀತಿಯಿಂದ ಊಟಕ್ಕೆ ಕುಳಿತುಕೊಳ್ಳಿ. ನಮ್ಮ ಹೊಸ ಬೆಳೆಯನ್ನು ದೇವಾಲಯಕ್ಕೆ ತಂದು ಆಶೀರ್ವಾದ ಪಡೆದಾಗ ಅದರಲ್ಲೊಂದು ಪಾಲು ನೆರೆಮನೆಗೂ ಹೋಗಲಿ. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಬರೆದ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಮಾನ ಮನೆ ಎಂದು ಕರೆದರು. ಮನೆ ಸಮಾನವಾದರೆ ಊಟದ ಪಂಕ್ತಿಯೂ ಸಮಾನವಾಗಿರಬೇಕು.

ಮಗು ಕೇಳಿದ ಪ್ರಶ್ನೆಗೆ ನಾವು ಬಾಯಿಂದ ಕೊಡುವ ಉತ್ತರ ಮುಖ್ಯವೇ ಹೌದು. ಆದರೆ ಮಗು ನಮ್ಮ ಕಡೆ ನೋಡುತ್ತಲೂ ಇರುತ್ತದೆ. ಮನೆಗೆ ಬಂದ ಯಾರಿಗೆ ಕುರ್ಚಿ ಕೊಟ್ಟೆವು, ಯಾರನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಮಾತಾಡಿಸಿದೆವು, ಯಾರಿಗೆ ಬೇರೆ ಲೋಟದಲ್ಲಿ ಚಹಾ ಕೊಟ್ಟೆವು ಎಂಬುದನ್ನು ನೋಡಿಯೇ ಅದು ದೇವರು ಮನುಷ್ಯರನ್ನು ಹೇಗೆ ಸೃಷ್ಟಿಸಿದರೆಂದು ಕಲಿಯುತ್ತದೆ. ಒಂದೇ ಮಣ್ಣಿನಿಂದ ನಮ್ಮೆಲ್ಲರನ್ನೂ ರೂಪಿಸಿ, ಒಂದೇ ಉಸಿರನ್ನು ಊದಿದ ದೇವರು ನಮ್ಮ ಮನೆಗಳಲ್ಲಿ ಆ ಪಾಠ ಕೆಡದಂತೆ ಕಾಯಲಿ. ಆಮೆನ್.